ಜನ ಇಷ್ಟು ಬೆಂಬಲಿಸಿದರೂ ಸರ್ಕಾರ ಯಾಕೆ ಜಗ್ಗುವುದಿಲ್ಲ? ಐರ್ಲೆಂಡ್‌ನ ಪ್ಯಾಲೆಸ್ಟೀನ್ ಮಸೂದೆ ಬಗ್ಗೆ ಒಂದು ಪ್ರಶ್ನೆ

ಡಬ್ಲಿನ್ ಹಾಸನದವಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಡಬ್ಲಿನ್‌ನಲ್ಲಿ ನರ್ಸ್. ಇಲ್ಲಿನ ಪೌರತ್ವ ಇನ್ನೂ ಸಿಕ್ಕಿಲ್ಲ. ಒಂದು ವಿಷಯ ತುಂಬಾ ದಿನದಿಂದ ತಲೆ ತಿನ್ನುತ್ತಿದೆ, ಗೊತ್ತಿರುವವರು ಬಿಡಿಸಿ ಹೇಳಿ.

ಪ್ಯಾಲೆಸ್ಟೀನ್ ಜನರ ಬಗ್ಗೆ ಐರ್ಲೆಂಡ್‌ನವರಿಗೆ ಇರುವ ಕಾಳಜಿ ನಾನು ಬೇರೆ ಎಲ್ಲೂ ನೋಡಿಲ್ಲ. ಬ್ರಿಟಿಷರ ಕೈಯಲ್ಲಿ ಅನುಭವಿಸಿದವರು, ಅದಕ್ಕೇ ಇರಬೇಕು. ಪ್ಯಾಲೆಸ್ಟೀನ್‌ನಲ್ಲಿ ಯಹೂದಿಗಳಿಗೆ ನೆಲೆ ಕೊಡಲು ಬ್ರಿಟನ್ ಬೆಂಬಲಿಸುತ್ತೆ ಅಂತ 1917ರಲ್ಲಿ ಹೇಳಿದ ಬಾಲ್ಫೋರ್ ಘೋಷಣೆಯ ಬಾಲ್ಫೋರ್ ಇದ್ದಾರಲ್ಲ, ಅವರು ಅದಕ್ಕೆ ಮುಂಚೆ ಐರ್ಲೆಂಡ್‌ನಲ್ಲೇ ಅಧಿಕಾರಿಯಾಗಿ ಲಾಠಿ ಗುಂಡು ನಡೆಸಿ ಹೆಸರು ಕೆಡಿಸಿಕೊಂಡವರು ಅಂತ ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ಹೇಳಿದಾಗಲೇ ನನಗೆ ಗೊತ್ತಾಗಿದ್ದು. ಎರಡು ವರ್ಷದಿಂದ ಇಲ್ಲಿ ಶನಿವಾರ ಬಂತೆಂದರೆ ಮೆರವಣಿಗೆ. ಗಾರ್ಡನ್ ಆಫ್ ರಿಮೆಂಬ್ರನ್ಸ್ ಹತ್ತಿರ ಸೇರಿ, ಓ'ಕಾನೆಲ್ ಬೀದಿ ಹಿಡಿದು, ನದಿ ದಾಟಿ ಸಂಸತ್ತಿನ ಕಡೆ ಹೋಗುತ್ತಾರೆ. ಆಸ್ಪತ್ರೆ ಕೆಲಸದವರು ಬೇರೆ ಗುಂಪಾಗಿ ನಿಂತು ಗಾಜಾದಲ್ಲಿ ಸತ್ತ ಡಾಕ್ಟರ್, ನರ್ಸ್‌ಗಳ ಹೆಸರು ಒಂದೊಂದಾಗಿ ಓದುತ್ತಾರೆ. ಹೆಸರು, ವಯಸ್ಸು, ಯಾವ ವಿಭಾಗ. ಅದನ್ನು ಕೇಳಿಕೊಂಡು ನಿಲ್ಲುವುದು ಕಷ್ಟ.

ಇಷ್ಟೆಲ್ಲ ಆದರೂ ಒಂದು ಸಣ್ಣ ಮಸೂದೆ ಪಾಸಾಗಿಲ್ಲ. ಆಕ್ರಮಿತ ಪ್ರದೇಶಗಳಲ್ಲಿ ಇಸ್ರೇಲ್ ಕಟ್ಟಿರುವ ವಸಾಹತುಗಳಿಂದ ಸರಕು ತರಿಸಬಾರದು ಎನ್ನುವ ಮಸೂದೆ. 2018ರಲ್ಲೇ ಮಂಡನೆ ಆಗಿದ್ದು. 2025 ಮುಗಿಯುತ್ತಾ ಬಂತು, ಇನ್ನೂ ಕಾನೂನಾಗಿಲ್ಲ. ಎಲ್ಲ ಪಕ್ಷದವರೂ ಮೈಕ್ ಮುಂದೆ ಗಾಜಾ ಬಗ್ಗೆ ಮರುಗುತ್ತಾರೆ. ಹಾಗಾದರೆ ಇದು ಎಲ್ಲಿ ಸಿಕ್ಕಿಹಾಕಿಕೊಂಡಿದೆ? ಜನರ ಬೆಂಬಲ ವಿದೇಶಾಂಗ ನೀತಿ ಆಗಬೇಕಾದರೆ ನಡುವೆ ಏನು ಆಗಬೇಕು? ಇನ್ನೊಂದು, ಓಟಿಲ್ಲದ ನನ್ನಂಥವಳು ಮಾಡುವಂಥದ್ದು ಏನಾದರೂ ಇದೆಯಾ, ಸುಮ್ನೆ ನಡೆಯುವುದು ಬಿಟ್ಟು?

ಕಾರ್ಕ್‌ನಿಂದ ಸದಾಶಿವ

ಒಳ್ಳೆ ಪ್ರಶ್ನೆ ಕೇಳಿದ್ದೀರಿ ಅಕ್ಕ. ನಾನು ಇಲ್ಲಿಗೆ ಬಂದು ಬಹಳ ಕಾಲ ಆಯ್ತು, ಈಗ ಇಲ್ಲಿನ ಪ್ರಜೆ. ಈ ಮಸೂದೆಯನ್ನು ಮೊದಲಿಂದ ನೋಡುತ್ತಾ ಬಂದಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ಅದು ಎಲ್ಲಿ ಸಿಕ್ಕಿಹಾಕಿಕೊಂಡಿತ್ತು ಅನ್ನುವುದಕ್ಕೆ ಸರಿಯಾದ ಉತ್ತರ ಇದೆ, ಆದರೆ ಮೆರವಣಿಗೆಗೆ ಬರುವ ಬಹಳ ಜನಕ್ಕೇ ಅದು ಗೊತ್ತಿಲ್ಲ. 2018ರಲ್ಲಿ ಇದನ್ನು ಮಂಡಿಸಿದ್ದು ಫ್ರಾನ್ಸಿಸ್ ಬ್ಲ್ಯಾಕ್. ಹಾಡುಗಾರ್ತಿ, ಯಾವ ಪಕ್ಷಕ್ಕೂ ಸೇರದ ಸೆನೆಟರ್. ಮೇಲ್ಮನೆಯಲ್ಲಿ ಪಾಸಾಯ್ತು. 2019ರ ಜನವರಿಯಲ್ಲಿ ಕೆಳಮನೆಯಲ್ಲಿ ಎರಡನೇ ಹಂತದ ಮತದಾನದಲ್ಲೂ 78ಕ್ಕೆ 45ರಲ್ಲಿ ಗೆದ್ದಿತು. ಸರ್ಕಾರ ವಿರೋಧಿಸಿದರೂ ಗೆದ್ದಿತು, ಅದನ್ನು ಗಮನಿಸಿ. ಆಮೇಲೆ ಅಲ್ಲೇ ನಿಂತುಹೋಯ್ತು. ಯಾಕೆಂದರೆ ಇಲ್ಲಿನ ಸಂವಿಧಾನದ ಪ್ರಕಾರ ಖಜಾನೆಯ ದುಡ್ಡು ಖರ್ಚಾಗುವ ಯಾವ ಮಸೂದೆಯೂ ಮುಂದೆ ಹೋಗಬೇಕಾದರೆ ಸರ್ಕಾರದಿಂದ 'ಮನಿ ಮೆಸೇಜ್' ಅಂತ ಒಂದು ಒಪ್ಪಿಗೆ ಪತ್ರ ಬರಬೇಕು. ಪ್ರಧಾನಿ ಸಹಿ ಹಾಕಿದ ಒಂದು ಹಾಳೆ. ಆ ಹಾಳೆ ಬರಲೇ ಇಲ್ಲ. ಮಸೂದೆ ಸೋಲಲಿಲ್ಲ, ಯಾರೂ ಮತ್ತೆ ಅದರ ವಿರುದ್ಧ ಮತ ಹಾಕಿ ಕೆಟ್ಟ ಹೆಸರು ತಗೊಳ್ಳಬೇಕಾಗಲಿಲ್ಲ, ಸುಮ್ನೆ ಸಮಿತಿಯ ಕಪಾಟಿನಲ್ಲಿ ಮಲಗಿತು.

ಕೇಳಿದರೆ ಒಂದೇ ಉತ್ತರ: ವ್ಯಾಪಾರ ನೀತಿ ಐರೋಪ್ಯ ಒಕ್ಕೂಟದ ಅಧಿಕಾರ, ನಾವು ಒಬ್ಬರೇ ಮಾಡಿದರೆ ಕಾನೂನು ಮುರಿದಂತೆ, ಅಟಾರ್ನಿ ಜನರಲ್ ಹಾಗೆ ಹೇಳಿದ್ದಾರೆ. ಈ ಮಾತು ಪೂರ್ತಿ ನೆಪ ಅಲ್ಲ. ವ್ಯಾಪಾರ ನಿಜಕ್ಕೂ ಒಕ್ಕೂಟದ ಅಧಿಕಾರ. ಆದರೆ ಅದೇ ಐರೋಪ್ಯ ನಿಯಮದಲ್ಲಿ 'ಸಾರ್ವಜನಿಕ ನೀತಿ'ಯ ಆಧಾರದ ಮೇಲೆ ಒಂದು ದೇಶ ಆಮದು ತಡೆಯಬಹುದು ಅಂತಲೂ ಇದೆ. ಮಸೂದೆ ಬರೆದವರು ಮೊದಲ ದಿನದಿಂದ ಇದನ್ನೇ ಹೇಳುತ್ತಾ ಬಂದರು.

ಬದಲಾಗಿದ್ದು 2024ರ ಜುಲೈ 19ಕ್ಕೆ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಈ ಆಕ್ರಮಣವೇ ಅಕ್ರಮ, ಅದನ್ನು ಉಳಿಸಿಕೊಳ್ಳಲು ನೆರವಾಗುವ ವ್ಯಾಪಾರ ತಡೆಯಲು ದೇಶಗಳು ಕ್ರಮ ತಗೋಬೇಕು ಅಂತ ಅಭಿಪ್ರಾಯ ಕೊಟ್ಟಿತು. ಆಗ ಅಟಾರ್ನಿ ಜನರಲ್‌ಗೆ ಹೊಸ ಸಲಹೆ ಬರೆಯಲೇಬೇಕಾಯ್ತು. ಅದೇ ಹೊತ್ತಿಗೆ ಚುನಾವಣೆ. 2024ರ ನವೆಂಬರ್ 29ಕ್ಕೆ ಮತದಾನ ಇತ್ತು, ಪ್ರಚಾರದಲ್ಲಿ ಮನೆಮನೆ ಬಾಗಿಲಲ್ಲಿ ಈ ಮಸೂದೆಯ ಹೆಸರು ಹಿಡಿದೇ ಕೇಳಿದರು. ಸರ್ಕಾರದಲ್ಲಿದ್ದು ಆಗಲ್ಲ ಆಗಲ್ಲ ಅಂದ ಎರಡು ದೊಡ್ಡ ಪಕ್ಷಗಳೂ ಮಾಡುತ್ತೇವೆ ಅಂದವು. 2025ರ ಜೂನ್‌ನಲ್ಲಿ ಸರ್ಕಾರವೇ ತನ್ನದೊಂದು ಕರಡು ತಂದಿತು. ಸರಕಿಗೆ ಮಾತ್ರ, ಪ್ರವಾಸ, ಬಾಡಿಗೆ ಥರದ ಸೇವೆಗಳಿಗಿಲ್ಲ. ಜುಲೈನಲ್ಲಿ ಸಂಸದೀಯ ಸಮಿತಿ ಸೇವೆಗಳನ್ನೂ ಸೇರಿಸಿ ಅಂದಿತು. ಈಗ ಜಗಳ ಇರುವುದೇ ಅಲ್ಲಿ.

ನಾನು ಹೇಳಬೇಕೆಂದಿರುವುದು ಇದು. 'ಪ್ಯಾಲೆಸ್ಟೀನ್‌ಗೆ ನ್ಯಾಯ ಕೊಡಿ' ಅಂದರೆ ಯಾವ ಮಂತ್ರಿಯೂ ಇಲ್ಲ ಅನ್ನುವುದಿಲ್ಲ, ಯಾಕೆಂದರೆ ಅದಕ್ಕೆ ಅವನು ಏನೂ ಮಾಡಬೇಕಾಗಿಲ್ಲ. 'ಈ ಹಾಳೆಗೆ ಸಹಿ ಹಾಕ್ತೀರಾ ಇಲ್ವಾ' ಅಂದರೆ ಮಾತ್ರ ಅವನು ಹೌದು ಅಥವಾ ಇಲ್ಲ ಅನ್ನಬೇಕಾಗುತ್ತೆ. ಬೀದಿಯ ಜನ ಇಲ್ಲದೆ ಆ ಪ್ರಶ್ನೆಗೆ ತೂಕ ಬರಲ್ಲ, ಒಪ್ಪುತ್ತೇನೆ. ಆದರೆ ಆ ಒಂದು ಪ್ರಶ್ನೆ ಇಲ್ಲದಿದ್ದರೆ ಬೀದಿಯ ಜನ ಎಷ್ಟೇ ಬಂದರೂ ಸರ್ಕಾರ ಕೈಮುಗಿದು ಕಳಿಸಿಬಿಡುತ್ತೆ.

ನಿಮ್ಮ ಡಬ್ಲಿನ್‌ನಲ್ಲೇ ಹಿಂದೆ ಒಮ್ಮೆ ಹೀಗೆ ಆಗಿದೆ. ನೀವು ಮೆರವಣಿಗೆ ಹೋಗುವ ದಾರಿ ಪಕ್ಕದ ಹೆನ್ರಿ ಬೀದಿಯಲ್ಲಿ ಡನ್ಸ್ ಸ್ಟೋರ್ಸ್ ಇದೆಯಲ್ಲ, ಅಲ್ಲಿ. 1984ರ ಜುಲೈ 19. ದಕ್ಷಿಣ ಆಫ್ರಿಕಾದ ಸರಕು ಮುಟ್ಟಬೇಡಿ ಅಂತ ಕಾರ್ಮಿಕ ಸಂಘ ಹೇಳಿತ್ತು. ಕ್ಯಾಶ್ ಕೌಂಟರಿನಲ್ಲಿದ್ದ ಮೇರಿ ಮ್ಯಾನಿಂಗ್ ಅನ್ನುವ 21 ವರ್ಷದ ಹುಡುಗಿ ಗಿರಾಕಿಯೊಬ್ಬರು ತಂದ ದಕ್ಷಿಣ ಆಫ್ರಿಕಾದ ಔಟ್‌ಸ್ಪ್ಯಾನ್ ಚಕ್ಕೋತ ಬಿಲ್ ಮಾಡಲ್ಲ ಅಂದಳು. ಮ್ಯಾನೇಜರ್ ಬಂದ, ಸಸ್ಪೆಂಡ್ ಮಾಡಿದ. ಅಂಗಡಿಯಲ್ಲಿ ಸಂಘದ ಪ್ರತಿನಿಧಿಯಾಗಿದ್ದ ಕ್ಯಾರನ್ ಗೇರನ್ ಮತ್ತು ಜೊತೆಗಾರರು ಒಂದಷ್ಟು ಜನ ಅವಳ ಹಿಂದೆ ಹೊರಗೆ ಬಂದರು. ವರ್ಣಭೇದ ಅಂದರೆ ಏನು ಅಂತ ಆಗ ಅವರಲ್ಲಿ ಹೆಚ್ಚಿನವರಿಗೆ ಸರಿಯಾಗಿ ಗೊತ್ತೂ ಇರಲಿಲ್ಲ. ಗಡೀಪಾರಾಗಿ ಐರ್ಲೆಂಡ್‌ನಲ್ಲಿದ್ದ ನಿಮ್ರೋಡ್ ಸೆಜಾಕೆ ಅನ್ನುವ ದಕ್ಷಿಣ ಆಫ್ರಿಕಾದ ಹಿರಿಯರು ಬಂದು ಅವರ ಜೊತೆ ಅಂಗಡಿ ಮುಂದಿನ ಧರಣಿಯಲ್ಲಿ ನಿಂತು ಪಾಠ ಹೇಳಿದ ಹಾಗೆ ಹೇಳಿದರು. ಮುಷ್ಕರ ಹೆಚ್ಚುಕಡಿಮೆ ಮೂರು ವರ್ಷ ನಡೆಯಿತು. ಜನ ಉಗಿದರು, ಕೆಲವು ಪಾದ್ರಿಗಳೂ ಬೈದರು. 1985ರಲ್ಲಿ ದಕ್ಷಿಣ ಆಫ್ರಿಕಾಕ್ಕೇ ಹೋದಾಗ ಏರ್‌ಪೋರ್ಟಿನಿಂದಲೇ ವಾಪಸ್ ಕಳಿಸಿದರು, ಅದರಿಂದಲೇ ದೇಶಕ್ಕೆಲ್ಲ ಸುದ್ದಿ ಆಯ್ತು. 1987ರಲ್ಲಿ ಐರ್ಲೆಂಡ್ ಸರ್ಕಾರ ದಕ್ಷಿಣ ಆಫ್ರಿಕಾದ ಹಣ್ಣು ತರಕಾರಿ ಆಮದು ನಿಲ್ಲಿಸಿತು. ವರ್ಣಭೇದದ ವಿರುದ್ಧ ಮಾತಾಡುವವರು ಅದಕ್ಕೂ ಮುಂಚೆ ಈ ದೇಶದಲ್ಲಿ ಬೇಕಾದಷ್ಟು ಇದ್ದರು. ಆದರೆ ವಿಷಯ ತೀರ್ಮಾನಕ್ಕೆ ಬಂದಿದ್ದು ಒಂದು ಹಣ್ಣಿನ ಮೇಲೆ.

ಲಿಮರಿಕ್ ಐಟಿ

ಸದಾಶಿವ ಅವರೇ, ಗೌರವದಿಂದಲೇ ಕೇಳುತ್ತೇನೆ. ಆ ವಸಾಹತುಗಳಿಂದ ಐರ್ಲೆಂಡ್‌ಗೆ ಬರುವ ಸರಕು ಎಷ್ಟು? ವರ್ಷಕ್ಕೆ ಕೆಲವು ಲಕ್ಷ ಯೂರೋ. ಖರ್ಜೂರ, ಒಂದಿಷ್ಟು ಹಣ್ಣು, ಸೌಂದರ್ಯ ಸಾಮಾನು. ಅದನ್ನು ನಿಲ್ಲಿಸಿದರೆ ಗಾಜಾದಲ್ಲಿ ಒಂದು ಮಗುವಿಗೆ ಹಾಲು ಸಿಗುತ್ತಾ? ನಾನು ಇಲ್ಲಿ ಅಮೆರಿಕದ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ, ನಮ್ಮಂಥ ಸಾವಿರಾರು ಕನ್ನಡಿಗರೂ ಭಾರತೀಯರೂ ಇಲ್ಲಿದ್ದಾರೆ. ಅಮೆರಿಕದ 30ಕ್ಕೂ ಹೆಚ್ಚು ರಾಜ್ಯಗಳಲ್ಲಿ ಇಸ್ರೇಲ್ ಬಹಿಷ್ಕಾರದ ವಿರುದ್ಧ ಕಾನೂನಿದೆ. ಇಲ್ಲಿನ ಕಾನೂನು ಪಾಲಿಸಿದರೆ ಅಲ್ಲಿ ತಪ್ಪು, ಅಲ್ಲಿನದು ಪಾಲಿಸಿದರೆ ಇಲ್ಲಿ ತಪ್ಪು ಅಂತ ಆದರೆ ಕಂಪನಿ ಏನು ಮಾಡುತ್ತೆ? ಕೆಲಸ ಹೋಗುವುದು ನಮ್ಮದು, ವೀಸಾ ಹೋಗುವುದು ನಮ್ಮದು.

ಮತ್ತೆ 2023ರ ಅಕ್ಟೋಬರ್ 7ರಂದು ಹಮಾಸ್ ಸುಮಾರು 1,200 ಜನರನ್ನು ಕೊಂದಿದ್ದು, ಮನೆಯಲ್ಲಿದ್ದವರನ್ನು ಎಳೆದುಕೊಂಡು ಹೋಗಿದ್ದು ಈ ಮೆರವಣಿಗೆಗಳಲ್ಲಿ ಕೇಳಿಸುವುದೇ ಇಲ್ಲ. ನನಗೆ ಗಾಜಾ ಬಗ್ಗೆ ನೋವಿಲ್ಲ ಅಂತ ಯಾರೂ ಅಂದುಕೊಳ್ಳಬೇಡಿ.

ಕಾರ್ಕ್‌ನಿಂದ ಸದಾಶಿವ

ನಿಮ್ಮ ಎರಡನೇ ಮಾತು ಮೊದಲು. ಅಕ್ಟೋಬರ್ 7ರಂದು ನಡೆದದ್ದು ಘೋರ. ಅದನ್ನು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ, ಮೆರವಣಿಗೆಯಲ್ಲಿ ಹೇಳಿದವರನ್ನೂ ಕೇಳಿದ್ದೇನೆ. ಆದರೆ ಪಶ್ಚಿಮ ದಂಡೆಯ ವಸಾಹತುಗಳು 1967ರಿಂದ ಬೆಳೆದುಕೊಂಡು ಬಂದಿವೆ. ಅಲ್ಲಿ ಆಲಿವ್ ಮರ ಕಳೆದುಕೊಂಡ ರೈತನಿಗೂ ಆ ದಾಳಿಗೂ ಸಂಬಂಧ ಇಲ್ಲ. ಈ ಮಸೂದೆ ಇಸ್ರೇಲ್ ದೇಶದ ಸರಕನ್ನು ಮುಟ್ಟುವುದಿಲ್ಲ, ಟೆಲ್ ಅವೀವ್‌ನಿಂದ ಬರುವುದು ಬರುತ್ತಲೇ ಇರುತ್ತೆ.

ದುಡ್ಡು ಕಡಿಮೆ ಅಂದಿರಿ. ನಿಜ, ತೀರಾ ಕಡಿಮೆ. ಹಾಗಾದರೆ ಏಳು ವರ್ಷ ಯಾಕೆ ತಡೆದರು? ಅಮೆರಿಕದ ಕಾಂಗ್ರೆಸ್ ಸದಸ್ಯರು ಯಾಕೆ ಎಚ್ಚರಿಕೆ ಕೊಟ್ಟರು? 2024ರ ಡಿಸೆಂಬರ್‌ನಲ್ಲಿ ಇಸ್ರೇಲ್ ಡಬ್ಲಿನ್‌ನ ರಾಯಭಾರ ಕಚೇರಿಯನ್ನೇ ಮುಚ್ಚುವುದಾಗಿ ಯಾಕೆ ಹೇಳಿತು? ಒಂದು ಪಶ್ಚಿಮ ಯುರೋಪಿನ ದೇಶ ಇದನ್ನು ಕಾನೂನಾಗಿ ಬರೆದರೆ ಪಕ್ಕದ ದೇಶಕ್ಕೆ 'ಆಗಲ್ಲ' ಅನ್ನುವುದು ಕಷ್ಟ ಆಗುತ್ತೆ, ಭಯ ಇರುವುದು ಅದಕ್ಕೆ. ಸ್ಲೊವೇನಿಯಾ ಚಿಕ್ಕ ದೇಶ, 2025ರ ಆಗಸ್ಟ್‌ನಲ್ಲಿ ಇದೇ ನಿಷೇಧ ಮಾಡಿತು. ಒಕ್ಕೂಟ ಅದನ್ನು ಹೊರಗೆ ಹಾಕಲಿಲ್ಲ.

ಕೆಲಸದ ಭಯ ಮಾತ್ರ ನಾನು ತಳ್ಳಿಹಾಕುವುದಿಲ್ಲ. ಸರ್ಕಾರ ಸೇವೆಗಳನ್ನು ಬಿಟ್ಟಿದ್ದಕ್ಕೆ ನಿಜವಾದ ಕಾರಣ ಅದೇ ಅಂತ ನನ್ನ ಲೆಕ್ಕ. ಮನೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿಯ ಐರೋಪ್ಯ ಕಚೇರಿ ಡಬ್ಲಿನ್‌ನಲ್ಲಿದೆ, ವಸಾಹತುಗಳ ವ್ಯವಹಾರದ ಬಗ್ಗೆ ವಿಶ್ವಸಂಸ್ಥೆ ಮಾಡಿದ ಪಟ್ಟಿಯಲ್ಲಿ ಅದರ ಹೆಸರೂ ಇದೆ. ಸೇವೆಗಳೂ ಸೇರಿದರೆ ಪ್ರಶ್ನೆ ಖರ್ಜೂರದ ಡಬ್ಬಿಯಿಂದ ಅಲ್ಲಿಗೆ ಹೋಗುತ್ತೆ. ಅದಕ್ಕೇ ಸರಕಿನಲ್ಲಿ ಮುಗಿಸಿ ಜನರ ಮೂಗಿಗೆ ತುಪ್ಪ ಸವರುವ ಪ್ರಯತ್ನ ನಡೆಯುತ್ತಿದೆ.

ಇನ್ನೊಂದು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ಬ್ರೆಕ್ಸಿಟ್ ಆದಮೇಲೆ ಯುರೋಪಿನಲ್ಲಿ ಮಾರುವ ಇಸ್ರೇಲ್ ಸಾಲಪತ್ರಗಳ ದಾಖಲೆಗೆ ಒಪ್ಪಿಗೆ ಕೊಡುತ್ತಿದ್ದುದು ಐರ್ಲೆಂಡ್‌ನ ಸೆಂಟ್ರಲ್ ಬ್ಯಾಂಕ್. ಜನ ಬ್ಯಾಂಕಿನ ಮುಂದೆ ಬಂದು ಕೂತರು, ಸಂಸತ್ತಿನಲ್ಲಿ ಗಲಾಟೆ ಆಯ್ತು. ಬ್ಯಾಂಕ್ 'ನಮಗೆ ತಡೆಯುವ ಅಧಿಕಾರ ಇಲ್ಲ' ಅಂದಿತು. 2025ರ ಸೆಪ್ಟೆಂಬರ್‌ನಲ್ಲಿ ಆ ಕೆಲಸ ಲಕ್ಸೆಂಬರ್ಗ್‌ಗೆ ಹೋಯ್ತು. ಇದನ್ನು ಗೆಲುವು ಅಂದವರೂ ಇದ್ದಾರೆ. ನನಗೆ ಅರ್ಧ ಸಮಾಧಾನ ಮಾತ್ರ. ಡಬ್ಲಿನ್‌ನಿಂದ ಹೋಯ್ತು ಅಷ್ಟೇ, ಸಾಲಪತ್ರ ಮಾರಾಟ ನಿಂತಿಲ್ಲ.

ಉಟ್ರೆಕ್ಟ್ ಶಿವಮೊಗ್ಗ

ನೆದರ್ಲೆಂಡ್ಸ್ ಕಡೆಯಿಂದ ಒಂದೆರಡು ಮಾತು. ಇಲ್ಲಿ ಕಥೆ ಉಲ್ಟಾ. ಇಲ್ಲಿನ ಸರ್ಕಾರ ಯಾವಾಗಲೂ ಇಸ್ರೇಲ್ ಪರ ಗಟ್ಟಿಯಾಗಿ ನಿಂತಿದ್ದು, ಜನ ಬಹಳ ತಡವಾಗಿ ಹೊರಗೆ ಬಂದರು. ಆದರೆ ಬಂದಾಗ ದೊಡ್ಡದಾಗಿ ಬಂದರು. 2025ರ ಮೇ 18ಕ್ಕೆ ಹೇಗ್‌ನಲ್ಲಿ ಕೆಂಪು ಬಟ್ಟೆ ಹಾಕಿಕೊಂಡು 'ಕೆಂಪು ಗೆರೆ' ಎಳೆದರು. ನಾನೂ ಹೋಗಿದ್ದೆ. ಜೀವನದಲ್ಲಿ ಒಂದು ಪ್ರತಿಭಟನೆಗೂ ಬರದಂಥ ಜನ, ಅಜ್ಜಿಯರು, ಮಕ್ಕಳನ್ನು ಕೂರಿಸಿಕೊಂಡ ಸರಕಿನ ಸೈಕಲ್‌ಗಳು. ಸಂಘಟಕರ ಲೆಕ್ಕದಲ್ಲಿ ಒಂದು ಲಕ್ಷ. ಜೂನ್‌ನಲ್ಲಿ ಇನ್ನೂ ಜಾಸ್ತಿ.

ಅದೇ ಮೇ ತಿಂಗಳಲ್ಲಿ ಇಲ್ಲಿನ ವಿದೇಶಾಂಗ ಮಂತ್ರಿ ಕ್ಯಾಸ್ಪರ್ ವೆಲ್ಡ್‌ಕ್ಯಾಂಪ್, ಹಿಂದೆ ಇಸ್ರೇಲ್‌ನಲ್ಲೇ ರಾಯಭಾರಿಯಾಗಿದ್ದವರು, ಐರೋಪ್ಯ ಒಕ್ಕೂಟ ಮತ್ತು ಇಸ್ರೇಲ್ ನಡುವಿನ ಒಪ್ಪಂದವನ್ನು ಮರುಪರಿಶೀಲಿಸಿ ಅಂತ ಕೇಳಿದರು. ಒಪ್ಪಂದದ 2ನೇ ವಿಧಿ ಮಾನವ ಹಕ್ಕಿಗೆ ಸಂಬಂಧಿಸಿದ್ದು. 27ರಲ್ಲಿ 17 ದೇಶ ಹೌದು ಅಂದವು. ಇದೇ ಮಾತನ್ನು ಸ್ಪೇನ್ ಮತ್ತು ಐರ್ಲೆಂಡ್ 2024ರ ಫೆಬ್ರವರಿಯಲ್ಲೇ ಕೇಳಿದ್ದವು, ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇಸ್ರೇಲ್‌ನ ಹಳೇ ಗೆಳೆಯನ ಬಾಯಿಂದ ಬಂದಾಗ ಒಪ್ಪಿದರು. ನಮ್ಮ ಬೆಂಬಲಿಗರ ಮನೆಯಲ್ಲೇ ಪ್ರಚಾರ ಮಾಡುತ್ತಾ ಕೂರುವುದಕ್ಕಿಂತ ನಡುವೆ ಇರುವವರ ಮನಸ್ಸು ಬದಲಾಯಿಸುವುದು ಹೆಚ್ಚು ಕೆಲಸಕ್ಕೆ ಬರುತ್ತೆ ಅಂತ ನನಗೆ ಅನ್ನಿಸಿದ್ದು ಆಗಲೇ.

ಆಮೇಲೆ ಏನಾಯ್ತು ಅಂದರೆ, ಪರಿಶೀಲನೆಯಲ್ಲಿ ಉಲ್ಲಂಘನೆಯ ಸೂಚನೆಗಳಿವೆ ಅಂತ ಬಂತು. ಕ್ರಮ ಮಾತ್ರ ಇಲ್ಲ. ವ್ಯಾಪಾರದ ರಿಯಾಯಿತಿ ತೆಗೆಯಬೇಕಾದರೆ 27ರಲ್ಲಿ 15 ದೇಶ ಒಪ್ಪಬೇಕು, ಅವುಗಳಲ್ಲಿ ಒಕ್ಕೂಟದ 65 ಶೇಕಡಾ ಜನ ಇರಬೇಕು. ಜರ್ಮನಿ ಮತ್ತು ಇಟಲಿ ಎರಡೂ ಒಪ್ಪದಿದ್ದರೆ ಆ 65 ಮುಟ್ಟುವುದು ತುಂಬಾ ಕಷ್ಟ. ಅಂದರೆ ಡಬ್ಲಿನ್‌ನಲ್ಲಿ ಎಷ್ಟೇ ನಡೆದರೂ ಒಕ್ಕೂಟದ ಮಟ್ಟದ ಬೀಗದ ಕೈ ಬರ್ಲಿನ್ ಮತ್ತು ರೋಮ್‌ನಲ್ಲಿದೆ. ವೆಲ್ಡ್‌ಕ್ಯಾಂಪ್ ತಮ್ಮ ಸಂಪುಟದಲ್ಲೇ ಮುಂದಿನ ಕ್ರಮಕ್ಕೆ ಒಪ್ಪಿಗೆ ಸಿಗದೆ ಆಗಸ್ಟ್ 22ಕ್ಕೆ ರಾಜೀನಾಮೆ ಕೊಟ್ಟರು, ಅವರ ಪಕ್ಷದ ಮಂತ್ರಿಗಳೆಲ್ಲ ಹೊರಬಂದರು. ಆಮೇಲೆ ಬಂದವರು ಸೆಪ್ಟೆಂಬರ್‌ನಲ್ಲಿ ವಸಾಹತು ಸರಕು ನಿಷೇಧಕ್ಕೆ ತಯಾರಿ ಮಾಡುತ್ತೇವೆ ಅಂದರು.

ಕೋರ್ಟಿನ ದಾರಿಯೂ ಇದೆ. 2024ರ ಫೆಬ್ರವರಿ 12ಕ್ಕೆ ಹೇಗ್‌ನ ಮೇಲ್ಮನವಿ ನ್ಯಾಯಾಲಯ ಎಫ್-35 ಯುದ್ಧವಿಮಾನದ ಬಿಡಿಭಾಗ ಇಸ್ರೇಲ್‌ಗೆ ಕಳಿಸಬೇಡಿ ಅಂತ ಆದೇಶ ಕೊಟ್ಟಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯ್ತು. 2025ರ ಅಕ್ಟೋಬರ್‌ನಲ್ಲಿ ಅದು, ನಿರ್ಧಾರ ಸರ್ಕಾರದ್ದೇ, ಆದರೆ ಆರು ವಾರದಲ್ಲಿ ಮತ್ತೆ ಪರಿಶೀಲಿಸಿ ಅಂದಿತು. ಕೋರ್ಟು ದಾರಿ ತೆರೆದುಕೊಡುತ್ತೆ, ಒಳಗೆ ಕರೆದುಕೊಂಡು ಹೋಗುವುದಿಲ್ಲ.

ಡೆಟ್ರಾಯಿಟ್ ರಾಯಚೂರು

ನೀವೆಲ್ಲ ಯುರೋಪಿನವರು ಮಾತಾಡುತ್ತಿದ್ದೀರಿ. ಬಾಂಬು ಹೋಗುವುದು ನಾನಿರುವ ದೇಶದಿಂದ. 2016ರಲ್ಲಿ ಒಬಾಮ ಕಾಲದಲ್ಲಿ ಆದ ಒಪ್ಪಂದದ ಪ್ರಕಾರ ಹತ್ತು ವರ್ಷಕ್ಕೆ 38 ಬಿಲಿಯನ್ ಡಾಲರ್, ವರ್ಷಕ್ಕೆ 3.8 ಬಿಲಿಯನ್ ಸೇನಾ ನೆರವು. ಅದು ನಾನು ಕಟ್ಟುವ ತೆರಿಗೆ. ಪೇಸ್ಲಿಪ್ ನೋಡಿದಾಗಲೆಲ್ಲ ನೆನಪಾಗುತ್ತೆ, ಏನು ಮಾಡಲಿ.

ಇಲ್ಲಿ ಡಿಯರ್‌ಬಾರ್ನ್ ಅಂತ ಪಕ್ಕದ ಊರು, ಅರಬ್ ಮೂಲದವರೇ ಜಾಸ್ತಿ. ಪರಿಹಾರ ಸಾಮಗ್ರಿಗೆ ದುಡ್ಡು ಕೂಡಿಸಿ, ಮನೆಮಂದಿಯನ್ನು ಕಳೆದುಕೊಂಡು, ಆಮೇಲೆ ಓಟಿನ ಮೂಲಕ ಹೇಳೋಣ ಅಂತ ಹೊರಟರು. 2024ರ ಫೆಬ್ರವರಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಆರಿಸುವ ಪ್ರೈಮರಿಯಲ್ಲಿ ಬೈಡನ್‌ಗೆ ಹಾಕದೆ 'ಯಾರಿಗೂ ಇಲ್ಲ' ಅಂತ ಹಾಕಿದವರು ಮಿಷಿಗನ್‌ನಲ್ಲಿ ಒಂದು ಲಕ್ಷ ದಾಟಿದರು. ನವೆಂಬರ್‌ನಲ್ಲಿ ಟ್ರಂಪ್ ಈ ರಾಜ್ಯ ಗೆದ್ದ ಅಂತರ ಸುಮಾರು 80 ಸಾವಿರ. ಸೋಲಿಗೆ ಇದೊಂದೇ ಕಾರಣ ಅಂತ ನಾನು ಹೇಳಲ್ಲ, ಬೆಲೆ ಏರಿಕೆಯೂ ಇತ್ತು. ಆದರೆ ಓಟಿನ ಬೆದರಿಕೆ ಇದ್ದರೂ ಬೈಡನ್ ನೀತಿ ಬದಲಾಗಲಿಲ್ಲ, ಸೋಲು ಆದಮೇಲೆ ಬಂದವರು ಇಸ್ರೇಲ್ ಪರ ಇನ್ನೂ ಗಟ್ಟಿ. ನೊಂದ ಜನಕ್ಕೆ ಎರಡು ಕಡೆಯಿಂದಲೂ ಏಟು. ಇದನ್ನು ಯಾರೂ ಲಘುವಾಗಿ ಮಾತಾಡಬೇಡಿ.

ಆದರೂ ಏನೋ ಕದಲುತ್ತಿದೆ. ಸೆನೆಟ್‌ನಲ್ಲಿ ಬರ್ನಿ ಸ್ಯಾಂಡರ್ಸ್ ಶಸ್ತ್ರಾಸ್ತ್ರ ಮಾರಾಟ ತಡೆಯುವ ನಿರ್ಣಯ ತಂದಾಗ 2024ರ ನವೆಂಬರ್‌ನಲ್ಲಿ 18 ಮತ. 2025ರ ಏಪ್ರಿಲ್‌ನಲ್ಲಿ 15. ಜುಲೈನಲ್ಲಿ 27. ಹಸಿವಿನಿಂದ ಒಣಗಿದ ಗಾಜಾದ ಮಕ್ಕಳ ಚಿತ್ರಗಳು ಬಂದ ತಿಂಗಳು ಅದು. ಅಷ್ಟೂ ಮತ ಸ್ಯಾಂಡರ್ಸ್ ಇರುವ ಡೆಮಾಕ್ರಟಿಕ್ ಕಡೆಯವೇ, ಸೆನೆಟ್‌ನಲ್ಲಿ ಆ ಕಡೆ ಇರುವವರೇ ಒಟ್ಟು 47, ಅಂದರೆ ಅರ್ಧಕ್ಕಿಂತ ಜಾಸ್ತಿ. ರಿಪಬ್ಲಿಕನ್ ಒಬ್ಬರೂ ಇಲ್ಲ. ನಿರ್ಣಯ ಬಿದ್ದುಹೋಯ್ತು, ಆದರೆ ಈಗ ಯಾರು ಯಾವ ಕಡೆ ಅನ್ನುವುದು ದಾಖಲೆಯಲ್ಲಿದೆ. ಸದಾಶಿವ ಸರ್ ಹೇಳಿದ ಮನಿ ಮೆಸೇಜ್ ಕಥೆಯಲ್ಲಿ ಇಲ್ಲದ್ದು ಇದೇ. ಹೆಸರು ಹಿಡಿದು ಮತ ಹಾಕಿಸಬೇಕು.

ಇಲ್ಲಿ ದುಡ್ಡಿನ ಭಯ ದೊಡ್ಡದು. 2024ರಲ್ಲಿ ಇಸ್ರೇಲ್‌ನ್ನು ಟೀಕಿಸುತ್ತಿದ್ದ ನ್ಯೂಯಾರ್ಕ್‌ನ ಸಂಸದ ಜಮಾಲ್ ಬೋಮನ್ ಅವರನ್ನು ಪ್ರೈಮರಿಯಲ್ಲಿ ಸೋಲಿಸಲು ಇಸ್ರೇಲ್ ಪರ ಲಾಬಿಯ ಸೂಪರ್ ಪ್ಯಾಕ್ (ಚುನಾವಣಾ ಪ್ರಚಾರಕ್ಕೆ ದುಡ್ಡು ಸುರಿಯುವ ಗುಂಪು) ಒಂದೇ ಹೆಚ್ಚುಕಡಿಮೆ ಒಂದೂವರೆ ಕೋಟಿ ಡಾಲರ್ ಸುರಿಯಿತು. ಒಬ್ಬ ಸಂಸದನಿಗೆ ಜನ ಮೆಚ್ಚುತ್ತಾರೆ ಅನ್ನುವ ಆಸೆಗಿಂತ ಆ ದುಡ್ಡಿನ ಹೆದರಿಕೆ ಜಾಸ್ತಿ. ಆ ಲೆಕ್ಕ ತಿರುಗುವ ತನಕ ಸಮೀಕ್ಷೆಯ ಅಂಕಿ ಎಷ್ಟೇ ಏರಿದರೂ ಪ್ರಯೋಜನ ಇಲ್ಲ. ನಾನು ನೋಡುತ್ತಿರುವ ದಿನಾಂಕ 2028. ಆ ಹತ್ತು ವರ್ಷದ ಒಪ್ಪಂದ ಮುಗಿಯುವುದು ಆಗ. ಹೊಸದನ್ನು ಬರೆಯುವ ಮೊದಲು ಷರತ್ತು ಹಾಕಿಸಲು ಈಗಿಂದಲೇ ಪಟ್ಟು ಹಿಡಿಯಬೇಕು.

ಬಸವನಗುಡಿ

ನಮ್ಮ ದೇಶದ್ದೂ ಸ್ವಲ್ಪ ಹೇಳಲೇಬೇಕು. ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಗೆ (ಪಿಎಲ್‌ಒ) 1974ರಲ್ಲಿ ಮಾನ್ಯತೆ ಕೊಟ್ಟ ಮೊದಲ ಅರಬ್ಬೇತರ ದೇಶ ಭಾರತ. 1988ರಲ್ಲಿ ಪ್ಯಾಲೆಸ್ಟೀನ್ ರಾಷ್ಟ್ರಕ್ಕೆ ಮಾನ್ಯತೆ. ಈಗ ನೋಡಿ, 2025ರ ಜೂನ್‌ನಲ್ಲಿ ಗಾಜಾ ಕದನವಿರಾಮದ ನಿರ್ಣಯಕ್ಕೆ ವಿಶ್ವಸಂಸ್ಥೆಯಲ್ಲಿ ನಮ್ಮವರು ಮತ ಹಾಕದೆ ಕೂತರು, ಸೆಪ್ಟೆಂಬರ್‌ನಲ್ಲಿ ಎರಡು ರಾಷ್ಟ್ರ ಪರಿಹಾರದ ಘೋಷಣೆಗೆ ಹೌದು ಅಂದರು. ಮಾತಿನಲ್ಲಿ ಪ್ಯಾಲೆಸ್ಟೀನ್, ವ್ಯವಹಾರದಲ್ಲಿ ಇಸ್ರೇಲ್. ಹೈದರಾಬಾದ್‌ನಲ್ಲಿ ಅದಾನಿ ಮತ್ತು ಇಸ್ರೇಲ್‌ನ ಶಸ್ತ್ರಾಸ್ತ್ರ ಕಂಪನಿ ಎಲ್ಬಿಟ್ ಸೇರಿ ಡ್ರೋನ್ ತಯಾರಿಸುವ ಘಟಕ ಇದೆ.

ಉಟ್ರೆಕ್ಟ್‌ನವರು ಕೋರ್ಟ್ ವಿಷಯ ಎತ್ತಿದ್ದಕ್ಕೆ ಹೇಳುತ್ತೇನೆ. ಇಲ್ಲೂ ನಿವೃತ್ತ ಅಧಿಕಾರಿಗಳು, ವಿದ್ವಾಂಸರು ಸೇರಿ ಇಸ್ರೇಲ್‌ಗೆ ಶಸ್ತ್ರಾಸ್ತ್ರ ರಫ್ತಿನ ಪರವಾನಗಿ ರದ್ದು ಮಾಡಿ ಅಂತ ಸುಪ್ರೀಂ ಕೋರ್ಟಿಗೆ ಹೋದರು. 2024ರ ಸೆಪ್ಟೆಂಬರ್ 9ಕ್ಕೆ ವಜಾ. ವಿದೇಶಾಂಗ ನೀತಿ ಸರ್ಕಾರದ್ದು, ನಾವು ಕೈಹಾಕಲ್ಲ ಅಂದರು. ಒಪ್ಪಂದಗಳನ್ನು ನಮ್ಮ ಸಂಸತ್ತಿನ ಮುಂದೆ ಇಟ್ಟು ಒಪ್ಪಿಗೆ ಪಡೆಯಬೇಕು ಅನ್ನುವ ಕಡ್ಡಾಯವೂ ಇಲ್ಲ. ಐರ್ಲೆಂಡ್‌ನಲ್ಲಿ ಒಬ್ಬ ಹಾಡುಗಾರ್ತಿ ಮಸೂದೆ ತಂದು ಸರ್ಕಾರದ ಇಷ್ಟಕ್ಕೆ ವಿರುದ್ಧವಾಗಿ ಗೆದ್ದರು ಅಂದಾಗ ನನಗೆ ಹೊಟ್ಟೆಕಿಚ್ಚೇ ಆಯ್ತು. ಬೆಂಗಳೂರಿನಲ್ಲಿ ಫ್ರೀಡಂ ಪಾರ್ಕ್ ಬಿಟ್ಟು ಬೇರೆ ಕಡೆ ಫಲಕ ಹಿಡಿದು ನಿಂತರೆ ಕೇಸು.

ಡನ್ಸ್ ಕಥೆ ಓದಿ ನೆನಪಾಗಿದ್ದು, 2024ರ ಫೆಬ್ರವರಿಯಲ್ಲಿ ನಮ್ಮ 11 ದೊಡ್ಡ ಬಂದರುಗಳ ಕಾರ್ಮಿಕರ ಒಕ್ಕೂಟ ಇಸ್ರೇಲ್‌ಗೆ ಹೋಗುವ ಶಸ್ತ್ರಾಸ್ತ್ರ ಹಡಗಿಗೆ ಹೇರುವುದಿಲ್ಲ, ಇಳಿಸುವುದೂ ಇಲ್ಲ ಅಂತ ಹೇಳಿಕೆ ಕೊಟ್ಟಿತು. ಪತ್ರಿಕೆಗಳಲ್ಲಿ ಒಂದು ಮೂಲೆಯಲ್ಲಿ ಬಂತು. ಸಂಸತ್ತು, ಕೋರ್ಟು ಎರಡೂ ಮುಚ್ಚಿರುವ ಕಡೆ ಉಳಿಯುವುದು ಸರಕು ಎತ್ತುವ ಕೈ ಮಾತ್ರ.

ಡಬ್ಲಿನ್ ಹಾಸನದವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆ ಮನಿ ಮೆಸೇಜ್ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಡನ್ಸ್ ಮುಂದೆ ದಿನಾ ಓಡಾಡುತ್ತೇನೆ, ಹೀಗೆ ಆಗಿತ್ತು ಅಂತ ಗೊತ್ತಿರಲಿಲ್ಲ. ಲಿಮರಿಕ್ ಅವರ ಭಯವೂ ಅರ್ಥ ಆಗುತ್ತೆ. ನನ್ನದೂ ವರ್ಕ್ ಪರ್ಮಿಟ್, ಆಸ್ಪತ್ರೆಯವರು ಪ್ಯಾಲೆಸ್ಟೀನ್ ಬ್ಯಾಡ್ಜ್ ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ.

ಸದಾಶಿವ ಅಣ್ಣ, ಓಟಿಲ್ಲದವಳು ಟಿಡಿ (ಕೆಳಮನೆಯ ಸದಸ್ಯರು) ಹತ್ತಿರ ಹೋದರೆ ಮಾತಾಡಿಸುತ್ತಾರಾ? ಮತ್ತೆ ಹೋದರೆ ಏನು ಕೇಳಬೇಕು?

ಕಾರ್ಕ್‌ನಿಂದ ಸದಾಶಿವ

ಖಂಡಿತ ಮಾತಾಡಿಸುತ್ತಾರೆ. ಇಲ್ಲಿ ಒಂದು ಕ್ಷೇತ್ರದಿಂದ 3ರಿಂದ 5 ಜನ ಆರಿಸಿ ಬರುತ್ತಾರೆ. ಓಟು ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾವಣೆ ಆಗುವ ಪದ್ಧತಿ, ಕೊನೆಯ ಸೀಟು ಎಷ್ಟೋ ಸಲ ಕೆಲವೇ ನೂರು ಓಟಿನಲ್ಲಿ ತೀರ್ಮಾನ ಆಗುತ್ತೆ. ಅದಕ್ಕೇ ಟಿಡಿಗಳು ತಮ್ಮ ಕ್ಷೇತ್ರದಲ್ಲಿ 'ಕ್ಲಿನಿಕ್' ಅಂತ ಜನರನ್ನು ನೋಡಲು ಕೂರುತ್ತಾರೆ. ಕ್ಷೇತ್ರದಲ್ಲಿ ವಾಸ ಇದ್ದರೆ ಸಾಕು. ಇನ್ನೊಂದು, ಸಂಸತ್ತಿಗೆ ನಿಮಗೆ ಓಟಿಲ್ಲ, ಆದರೆ ಸ್ಥಳೀಯ ಕೌನ್ಸಿಲ್ ಚುನಾವಣೆಯಲ್ಲಿ ಇಲ್ಲಿ ವಾಸ ಇರುವ ಯಾವ ದೇಶದವರಿಗೂ ಓಟಿದೆ. ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮೊದಲು ಅದನ್ನು ಸೇರಿಸಿ. ಕೌನ್ಸಿಲರ್‌ಗಳು ಪಕ್ಷದೊಳಗೆ ಟಿಡಿಯ ಕಾಲಾಳುಗಳು, ಅವರ ಮಾತು ಮೇಲೆ ಹೋಗುತ್ತೆ.

ಆಡಳಿತ ಪಕ್ಷದ ಟಿಡಿ ಹತ್ತಿರವೇ ಹೋಗಿ. ವಿರೋಧ ಪಕ್ಷದವರು ಹೇಗೂ ನಿಮ್ಮ ಕಡೆ ಇದ್ದಾರೆ, ಅವರ ಜೊತೆ ಚಹಾ ಕುಡಿದು ಬಂದರೆ ಏನೂ ಆಗಲ್ಲ. ಒಬ್ಬರೇ ಹೋಗಬೇಡಿ, ಓಟಿರುವ ಇಬ್ಬರು ಮೂವರು ಸಿಸ್ಟರ್‌ಗಳನ್ನು ಕರೆದುಕೊಂಡು ಹೋಗಿ. ಕೇಳುವುದು ಒಂದೇ: ಸೇವೆಗಳನ್ನು ಸೇರಿಸುವ ತಿದ್ದುಪಡಿ ಬಂದರೆ ನೀವು ಪರ ಮತ ಹಾಕುತ್ತೀರಾ? 'ನಾವೆಲ್ಲ ತುಂಬಾ ಕಳವಳಗೊಂಡಿದ್ದೇವೆ' ಅಂತ ಶುರು ಮಾಡುತ್ತಾರೆ. ಮಾಡಲಿ, ಕೇಳಿ. ಆಮೇಲೆ ಅದೇ ಪ್ರಶ್ನೆ ಮತ್ತೆ ಕೇಳಿ. ಪಕ್ಷ ಹೇಳಿದಂತೆ ಅಂದರೆ, ಪಕ್ಷದ ಸಭೆಯಲ್ಲಿ ನೀವು ಏನು ಹೇಳುತ್ತೀರಿ ಅಂತ ಕೇಳಿ. ಹೇಳಿದ್ದನ್ನು ಅಲ್ಲೇ ಬರೆದುಕೊಂಡು, ಮನೆಗೆ ಬಂದು 'ನೀವು ಹೀಗೆ ಹೇಳಿದಿರಿ' ಅಂತ ಇಮೇಲ್ ಹಾಕಿ. ಬರವಣಿಗೆಯಲ್ಲಿ ಇದ್ದದ್ದನ್ನು ಆಮೇಲೆ ಅಲ್ಲಗಳೆಯುವುದು ಅವರಿಗೆ ಕಷ್ಟ.

ನಿಮ್ಮ ನರ್ಸ್‌ಗಳ ಸಂಘದಲ್ಲಿ ಸದಸ್ಯರಾಗಿದ್ದೀರಾ? ಇಲ್ಲದಿದ್ದರೆ ಆಗಿ. ಬ್ಯಾಡ್ಜ್ ವಿಷಯವೂ ಅಲ್ಲೇ ಕೇಳಿ, ಒಬ್ಬರೇ ಮ್ಯಾನೇಜರ್ ಹತ್ತಿರ ವಾದಕ್ಕೆ ಹೋಗಬೇಡಿ. ಯಾವ ಕ್ಷೇತ್ರ ಅಂತ ಖಾಸಗಿಯಾಗಿ ಮೆಸೇಜ್ ಮಾಡಿ, ಅಲ್ಲಿನ ಟಿಡಿಗಳು ಈ ಮಸೂದೆ ಬಗ್ಗೆ ಸದನದಲ್ಲಿ ಏನೇನು ಮಾತಾಡಿದ್ದಾರೆ ಅಂತ ತೆಗೆದು ಕಳಿಸುತ್ತೇನೆ.